ಎರಡು ಬೆರಳಿಗೊಂದು ಸಿಮೆಂಟಿನ ಅಂಗಳ

ಅವತ್ತು ಏಕಾದಶಿ. ಒಲೆ ಹೊತ್ತಿಸುವ ಕೆಲಸವಿರಲಿಲ್ಲ, ಅದೊಂದು ದೇವರ ದಯೆ. ಹಿತ್ತಲ ಬಾಗಿಲಲ್ಲಿ ಕೂತು ಮರುದಿನದ ಪಾರಣೆಗೆ ಅಗಸೆಸೊಪ್ಪು ಬಿಡಿಸುತ್ತಿದ್ದೆ. ದ್ವಾದಶಿಯ ಬೆಳಗ್ಗೆ ಬೇಗನೆ ಊಟವಾಗಬೇಕೆಂದರೆ ಸೊಪ್ಪು ಹಿಂದಿನ ದಿನವೇ ತಯಾರಿರಬೇಕು. ನಿಟ್ಟುಪವಾಸ ಮಾಡಿದವರಿಗೆ ಆಮೇಲೆ ಕಾಯುವ ತ್ರಾಣವಿರುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಎಲೆ ವ್ಯಾಪಾರಿ ಗೋಡೆಯಾಚೆಯಿಂದ ಕರೆದ. ಹಾವೇರಿಗೆ ವೀಳ್ಯದೆಲೆ ಹಾಕಿ ಆಗಷ್ಟೇ ಬಸ್ಸಿಳಿದು ಬಂದಿದ್ದ.

"ಬಾಯಾರ, ನಿಮ್ಮ ಮನೀಗೆ ಹಿರೇಕೆರೂರವ್ರು ಬರಾಕತ್ತಾರ್ರಿ. ಹಾವೇರಿ ಸ್ಟ್ಯಾಂಡಿನ್ಯಾಗ ಸವಣೂರ ಬಸ್ ಯಾವ್ದಂತ ನನ್ನ ಕೇಳಿದ್ರು. ನಮ್ಮ ಬಸ್ಸಿನ್ಯಾಗ ಜಾಗ ಸಿಗಲಿಲ್ಲ ಅವ್ರಿಗೆ, ಹಿಂದಿನ ಬಸ್ಸಿಗೆ ಇಳಿತಾರ ನೋಡ್ರಿ."

ಹಿರೇಕೆರೂರವರು ಅಂದರೆ ನಮ್ಮ ಮೈದುನನಿಗೆ ಹೆಣ್ಣು ಕೊಡುವ ವಿಚಾರದಲ್ಲಿದ್ದವರು. ನಾವು ಹೋಗಿ ಹುಡುಗಿಯನ್ನು ನೋಡಿ ಬಂದಿದ್ದೆವು, ಜಾತಕವೂ ಕೂಡಿತ್ತು. ಅವರು ಬಂದು ಮನೆ ನೋಡುವುದೊಂದು ಉಳಿದಿತ್ತು. ಹೇಳದೆ ಕೇಳದೆ ಏಕಾದಶಿಯ ದಿನವೇ ಯಾಕೆ ಹೊರಟರು ಅನ್ನುವುದು ನನಗೆ ತಕ್ಷಣ ತಿಳಿಯಿತು. ಮಡಿಯಲ್ಲಿ ಕಟ್ಟುನಿಟ್ಟಿನ ಜನ ಸಂಬಂಧ ಗಟ್ಟಿಯಾಗದ ಮನೆಯಲ್ಲಿ ಉಣ್ಣುವುದಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದರೆ ಆ ಮನೆಯವರಿಗೆ ಅವಮಾನ. ಏಕಾದಶಿ ಹಿಡಿದು ಬಂದರೆ ಉಣ್ಣುವ ಮಾತೇ ಬರುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ದೇವರ ಉಪವಾಸವನ್ನು ತಮ್ಮ ಜಾಣತನಕ್ಕೆ ಕೊಡೆ ಮಾಡಿಕೊಳ್ಳುವ ಇಂಥವರನ್ನು ನಾನು ಬಹಳ ನೋಡಿದ್ದೇನೆ. ಆದರೆ ಅವರ ಜಾಣತನದ ಮೇಲೆ ಸಿಟ್ಟು ಮಾಡುತ್ತ ಕೂಡಲು ಹೊತ್ತಿರಲಿಲ್ಲ. ನನ್ನ ಕಣ್ಣೆದುರಿಗೇ, ತುಳಸಿಕಟ್ಟೆಯ ಪಕ್ಕಕ್ಕೆ, ನಮ್ಮ ಮೈದುನನ ಹುಚ್ಚು ನೀರು ತುಂಬಿಕೊಂಡು ಹೊಳೆಯುತ್ತಿತ್ತು.

ಆ ಹುಚ್ಚಿನ ಹುಟ್ಟು ಹೇಳಬೇಕು. ಅವನು ಓವರ್ಸಿಯರ್ ಕೋರ್ಸು ಪಾಸಾಗಿ ಮನೆಯಿಂದಲೇ ಓಡಾಡುತ್ತ ಶಿಗ್ಗಾವಿಯಲ್ಲಿ ರಸ್ತೆ ಕೆಲಸದ ಮೇಲೆ ಹಂಗಾಮಿಯಾಗಿ ಇದ್ದವ. ಮನೆತನ ಶಾಸ್ತ್ರ ಓದಿದ ಮನೆತನ. ನಮ್ಮ ಮಾವನವರು ಪಾಠ ಹೇಳಲು ಕೂತರೆ ಬೀದಿಯ ಜನ ಚಪ್ಪಲಿ ಕಳೆದು ನಿಂತು ಕೇಳುತ್ತಿದ್ದರಂತೆ. ಅವರ ಕಿರಿಮಗನಿಗೆ ಜ್ಞಾನೋದಯವಾದದ್ದು ಮಾತ್ರ ಬೆಲ್ಲ ಕಟ್ಟಿಕೊಟ್ಟ ರದ್ದಿ ಕಾಗದದಿಂದ. ಯಾವುದೋ ಪರದೇಶದ ಪುಸ್ತಕದ ಹಾಳೆ. ಅದರಲ್ಲಿ ಒಬ್ಬ ಪೋರ, ಕೆಳಗೆ ಗಾಲಿ ಇದ್ದ ಹಲಗೆಯ ಮೇಲೆ ನಿಂತು ಸಿಮೆಂಟಿನ ಹೊಂಡದೊಳಗಿಂದ ಮೇಲೆ ಹಾರುತ್ತಿದ್ದ. ಬೆಲ್ಲ ಡಬ್ಬಿಗೆ ಹೋಯಿತು, ಕಾಗದ ಇವನ ತಲೆಗೆ ಹೋಯಿತು. ಅದಕ್ಕೆ ಅಂಟಿದ ಬೆಲ್ಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಾವನವರ ಫೋಟೋದ ಚೌಕಟ್ಟಿಗೆ ಸಿಕ್ಕಿಸಿಟ್ಟ. ನಾನು ತೆಗೆದು ಬಚ್ಚಲ ಒಲೆಗೆ ಹಾಕಬೇಕಿತ್ತು. ಅತ್ತಿಯವರು ಬೇಡವೆಂದರು.

ಸವಣೂರಿನ ಬೀದಿಯ ಕಲ್ಲಿನ ಮೇಲೆ ಹಲಗೆ ಉರುಳುವುದಿಲ್ಲ, ಉರುಳಿದರೂ ಅಷ್ಟು ದೊಡ್ಡ ಗಂಡಸು ಅದರ ಮೇಲೆ ನಿಂತು ಹೋದರೆ ಜನ ಧಾರವಾಡದ ಹುಚ್ಚರ ಆಸ್ಪತ್ರೆಗೆ ಕಳಿಸುತ್ತಾರೆ ಎಂಬಷ್ಟು ತಿಳಿವಳಿಕೆ ಇತ್ತು. ಅದಕ್ಕೆ ಬೆರಳಿಗೆ ತಕ್ಕ ಹಲಗೆ ಮಾಡಿದ. ಮುರಿದ ಫೂಟುಪಟ್ಟಿಯ ಒಂದು ತುಂಡು, ತುದಿ ಎರಡೂ ಬಿಸಿನೀರಿನ ಹಬೆಗೆ ಹಿಡಿದು ಸ್ವಲ್ಪ ಮೇಲೆತ್ತಿದ್ದು. ಕೆಳಗೆ ಗುಂಡುಸೂಜಿಯ ಅಚ್ಚು. ಅದಕ್ಕೆ ಗಾಲಿಯೆಂದು ನನ್ನ ಹೊಲಿಗೆ ಡಬ್ಬಿಯ ಗುಂಡಿಗಳು. ತೋರುಬೆರಳು ನಡುಬೆರಳನ್ನು ಎರಡು ಕಾಲು ಮಾಡಿ ಅದರ ಮೇಲೆ ನಿಲ್ಲಿಸುವುದು, ನೂಕುವುದು, ಹಾರಿಸುವುದು. ಬಾಯಲ್ಲಿ ಟಕ್ಕೆಂದು ಸದ್ದು ಬೇರೆ. ಮೀಸೆ ಬಂದ ಮಗ.

ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುವ ಕಾಲ. ಮಳೆಗೆ ಕುಸಿದ ತುಳಸಿಕಟ್ಟೆಯನ್ನು ಕಟ್ಟಿಸಲೆಂದು ನಮ್ಮ ಮನೆಯವರು ಓಡಾಡಿ ಒಂದು ಚೀಲ ತಂದಿದ್ದರು. ಕಟ್ಟೆಯನ್ನು ಮೈದುನನೇ ಕಟ್ಟಿದ. ಚೆನ್ನಾಗಿಯೇ ಕಟ್ಟಿದ, ಸುಳ್ಳು ಯಾಕೆ ಹೇಳಲಿ. ನಾಲ್ಕೂ ಮುಖಕ್ಕೆ ದೀಪದ ಗೂಡು ಇಟ್ಟಿದ್ದ. ಚೀಲದಲ್ಲಿ ಇನ್ನೂ ಸಿಮೆಂಟು ಉಳಿಯಿತು. ಬಚ್ಚಲ ಮೆಟ್ಟಿಲು ಒಡೆದು ಅತ್ತಿಯವರು ಎಡವುತ್ತಿದ್ದರು, ಅದನ್ನು ಸರಿಮಾಡು ಅಂದಿದ್ದೆ. ಆಯಿತು ವೈನಿ ಅಂದ. ನಾನು ಎರಡು ದಿನದ ಮಟ್ಟಿಗೆ ಹಾನಗಲ್ಲಿಗೆ ತವರಿಗೆ ಹೋಗಿ ಬರುವುದರೊಳಗೆ ಬಚ್ಚಲ ಮೆಟ್ಟಿಲು ಇದ್ದಂತೆಯೇ ಇತ್ತು. ತುಳಸಿಕಟ್ಟೆಯ ಪಕ್ಕಕ್ಕೆ ಎರಡು ಊಟದ ಮಣೆ ಕೂಡಿಸಿ ಇಟ್ಟಷ್ಟು ಅಗಲದ ಸಿಮೆಂಟಿನ ಆಟದಂಗಳ ಎದ್ದಿತ್ತು.

ಹೇಗೆ ಕಟ್ಟಿದ ಎಂಬುದನ್ನು ನನ್ನ ಪಾತ್ರೆಗಳೇ ಹೇಳಿದವು. ಗೋಧಿಹಿಟ್ಟಿನ ಜರಡಿಯ ಕಣ್ಣಲ್ಲಿ ಉಸುಕು ಸಿಕ್ಕಿಕೊಂಡಿತ್ತು. ಇಟ್ಟಂಗಿ ಸಾಲಿನ ಅಂಚು ಕಟ್ಟಿ, ಒಳಗೆ ಒಡೆದ ಹಂಚು ಬಡಿದು ತುಂಬಿ, ಮೇಲೆ ಸಣ್ಣ ಖಡಿ ಕಲಸಿದ ಸಿಮೆಂಟು ಹಾಕಿದ್ದ. ನಡುವಿನ ಹೊಂಡ ನನ್ನ ಸ್ಟೀಲಿನ ಬೋಗುಣಿಯ ತಳದ ಅಚ್ಚು. ಸಿಮೆಂಟು ಹಿಡಿಯಬಾರದೆಂದು ಬೋಗುಣಿಗೆ ಕುಸುಬಿ ಎಣ್ಣೆ ಸವರಿ ಒತ್ತಿದ್ದನಂತೆ. ಇಳಿಜಾರಿಗೆ ಹಳೆಯ ತಗಡಿನ ಡಬ್ಬಿಯನ್ನು ಸೀಳಿ ಬಗ್ಗಿಸಿ ಅಚ್ಚು ಮಾಡಿಕೊಂಡಿದ್ದ. ಹೊಂಡದೊಳಕ್ಕೆ ಇಳಿಯಲು ಕಡ್ಡಿಪೆಟ್ಟಿಗೆಯ ಅಳತೆಯ ಮೆಟ್ಟಿಲುಗಳು. ಒಂದು ಪಕ್ಕಕ್ಕೆ ಸೈಕಲ್ಲಿನ ಕಡ್ಡಿಯನ್ನು ಬಾಗಿಸಿ ನೆಟ್ಟ ಕಂಬಿ. ಎಲ್ಲದರ ಮೇಲೆ ಒಣ ಸಿಮೆಂಟು ಉದುರಿಸಿ, ನೀರು ಕುಡಿಯುವ ತಂಬಿಗೆಯ ಬುಡದಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದ. ನಮ್ಮ ಅಡುಗೆಮನೆಯ ನೆಲ ಅಷ್ಟು ನುಣುಪು ಇರಲಿಲ್ಲ.

ಬೈದೆ. ಅವನು ತಲೆತಗ್ಗಿಸಿ ಬೈಸಿಕೊಂಡ, ಆಮೇಲೆ ಒಂದು ಕೊಡ ನೀರು ಕೇಳಿದ. ಒಣಗಲಿಕ್ಕೆ ಬಿಟ್ಟವ ನೀರು ಯಾಕೆ ಕೇಳುತ್ತೀ ಅಂದರೆ, ಸಿಮೆಂಟು ಸಂಡಿಗೆಯಲ್ಲ ವೈನಿ, ಒಣಗಿದರೆ ಸೀಳುತ್ತದೆ, ನೀರು ಕುಡಿದು ಕುಡಿದು ಗಟ್ಟಿಯಾಗಬೇಕು ಎಂದು ನನಗೇ ಪಾಠ ಹೇಳಿದ. ಅಂಚಿಗೆ ಮಣ್ಣಿನ ಏರಿ ಕಟ್ಟಿ ಹೊಂಡದ ತುಂಬ, ಮೆಟ್ಟಿಲ ತುಂಬ ನೀರು ನಿಲ್ಲಿಸಿದ. ದಿನಾ ಬೆಳಗ್ಗೆ ಸಂಧ್ಯಾವಂದನೆಗಿಂತ ಮೊದಲು ಅದಕ್ಕೆ ನೀರು. ಮಾವನವರಿಗೆ ವರ್ಷಕ್ಕೊಮ್ಮೆ ತರ್ಪಣ ಬಿಡುವಾಗ ಇಲ್ಲದ ಶ್ರದ್ಧೆ ಅಲ್ಲಿತ್ತು.

ಇವನ ತಲೆಯ ವಿಚಾರ ಹೊರಬಿದ್ದೇ ಹಾನಗಲ್ಲಿನ ಸಂಬಂಧ ಹೋಗಿತ್ತು. ನಮ್ಮ ತವರಿನ ಕಡೆಯ ಹುಡುಗಿ. ಆಕೆಯ ಅಪ್ಪ ಕೆಲಸದ ವಿಚಾರ ಕೇಳಿದರೆ ಇವನು ಗಾಲಿಯ ವಿಚಾರ ಹೇಳಿದ. ಅವರು ಚಹಾ ಕುಡಿದು ಎದ್ದವರು ತಿರುಗಿ ಬರಲಿಲ್ಲ. ಇವನ ಲಗ್ನವಾಗದಿದ್ದರೆ ನನಗೇನೂ ನಷ್ಟವಿರಲಿಲ್ಲ. ಆದರೆ ಅತ್ತಿಯವರ ಕಣ್ಣು ದಿನದಿನಕ್ಕೆ ಮಂದವಾಗುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಇನ್ನು ಔಷಧವಿಲ್ಲ, ಇದ್ದಷ್ಟು ದಿನ ಇರುತ್ತದೆ ಎಂದು ಕೈಬಿಟ್ಟಿದ್ದರು. ನನ್ನ ಮುಖವನ್ನು ಆಗಲೇ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಪೂರ್ತಿ ಕತ್ತಲಾಗುವುದರೊಳಗೆ ಕಿರಿಸೊಸೆಯ ಮುಖ ನೋಡಬೇಕು ಅನ್ನುವುದೊಂದೇ ಅವರ ಆಸೆ. ಬೇರೆ ಏನನ್ನೂ ದೇವರಲ್ಲಿ ಬೇಡಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಈ ಹಿರೇಕೆರೂರಿನ ಸಂಬಂಧ ಹೋಗಬಾರದಿತ್ತು.

ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎದ್ದೆ. ಗೋಣಿತಾಟು ತಂದು ಆ ಸಿಮೆಂಟನ್ನು ಮುಚ್ಚೋಣವೆಂದರೆ ನಮ್ಮ ಮನೆಯವರು ಬೇಡವೆಂದರು. ಮುಚ್ಚಿದರೆ ಏನು ಮುಚ್ಚಿದ್ದೀರಿ ಅಂತ ಕೇಳುತ್ತಾರೆ, ತೆರೆದಿದ್ದರೆ ಯಾರೂ ಕೇಳುವುದಿಲ್ಲ ಎಂಬುದು ಅವರ ತರ್ಕ. ತರ್ಕಕ್ಕೇನು ಈ ಮನೆಯಲ್ಲಿ ಬರಗಾಲವಿಲ್ಲ. ಮೈದುನ ಅಟ್ಟದ ಮೇಲೆ ಪೆಟ್ಟಿಗೆಯೊಳಗಿನ ಜರದ ಧೋತರ ಹುಡುಕಲು ಹತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಜನ.

ಬಂದವರು ಇಬ್ಬರು. ಹುಡುಗಿಯ ಅಪ್ಪ, ಮತ್ತು ಅವರ ತಾಯಿ. ಅಪ್ಪ ಕರೀ ಕೋಟಿನ ಮನುಷ್ಯ. ಬಂದವರೇ ತೊಲೆ ಎಣಿಸಿದರು, ಹಂಚು ನೋಡಿದರು, ಬಾವಿಗೆ ಬಗ್ಗಿ ನೀರು ಎಷ್ಟು ಆಳಕ್ಕಿದೆ ಅಂತ ನೋಡಿದರು. ದನ ಕೊಳ್ಳಲು ಬಂದವರೂ ಅಷ್ಟು ಹಲ್ಲು ಎಣಿಸುವುದಿಲ್ಲ. ಮುದುಕಮ್ಮ ಮಾತ್ರ ಬಡಕಲು ಜೀವ, ಏಕಾದಶಿಗೆ ನೀರೂ ಮುಟ್ಟದ ಪೈಕಿ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಬಸ್ಸಿನ ಧೂಳು ಕುಡಿದು ಬಂದು ಒಂದು ಗುಟುಕು ನೀರು ಕೇಳಲಿಲ್ಲ. ಅದೊಂದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಕಾಲು ತೊಳೆಯಲು ಹಿತ್ತಲಿಗೆ ಕರೆದುಕೊಂಡು ಹೋದೆ. ಕಾಲು ತೊಳೆದು, ಒರೆಸಿಕೊಂಡು, ತುಳಸಿಗೆ ನಮಸ್ಕಾರ ಮಾಡಲು ಆ ಕಡೆ ನಡೆದರು. ನಾನು ಟವೆಲ್ಲು ಒಣಹಾಕಲು ತಿರುಗಿದ್ದೆ.

"ಏನು ಚಂದ ಪುಷ್ಕರಣಿ ಮಾಡೀರಲ್ಲs."

ತಿರುಗಿ ನೋಡುವುದರಲ್ಲಿ ಮುದುಕಮ್ಮ ಬಗ್ಗಿಯಾಗಿತ್ತು. ಹಾಗೆ ತಿಳಿದದ್ದು ಅವರ ತಪ್ಪಲ್ಲ. ತುಳಸಿಕಟ್ಟೆಯ ಮಗ್ಗುಲಿಗೆ, ಮೆಟ್ಟಿಲಿಳಿದು ಹೋಗುವ ಪುಟ್ಟ ಹೊಂಡ, ತುಂಬಿದ ತಿಳಿನೀರು, ಗಾಳಿಗೆ ಉದುರಿದ ನಾಲ್ಕು ತುಳಸಿದಳ ಮೇಲೆ ತೇಲುತ್ತಿವೆ. ದೇವರ ಮನೆಯಲ್ಲೇ ಜೀವ ಸವೆಸಿದವರ ಕಣ್ಣಿಗೆ ಮತ್ತೇನಾಗಿ ಕಾಣಬೇಕು. ಬಲಗೈಯನ್ನು ಹಸುವಿನ ಕಿವಿಯಂತೆ ಮಡಿಸಿ, ಒಂದು ತುಳಸಿದಳದ ಸಮೇತ ಒಂದು ಗುಟುಕು ಎತ್ತಿ ಬಾಯಿಗೆ ಬಿಟ್ಟರು. ಬೇರೆ ದಿನವಾದರೆ ಮೂರು ಸಲ, ಏಕಾದಶಿಯಾದ್ದರಿಂದ ಒಂದೇ ಸಲ. ಆ ನಿಷ್ಠೆಯಲ್ಲೂ ತಪ್ಪಿಲ್ಲ. ಉಳಿದ ಹನಿಯನ್ನು ತಲೆಗೆ ಸವರಿಕೊಂಡು, ಮಗನ ತಲೆಗೂ ಪ್ರೋಕ್ಷಿಸಿದರು. ಮಗ ಬಾವಿಯ ಆಳ ನೋಡುವುದನ್ನು ನಿಲ್ಲಿಸಿ ಕೈಮುಗಿದರು.

ನಮ್ಮ ಮನೆಯವರು ಅಲ್ಲೇ ಇದ್ದರು, ಎಲ್ಲ ನೋಡಿದರು. ನಾನು ಬಾಯಿ ತೆರೆಯುವುದರೊಳಗೆ, ನಮ್ಮ ತಮ್ಮನೇ ಕೈಯಾರೆ ಕಟ್ಟಿದ್ದು, ಅವನಿಗೆ ಇಂಥದರಲ್ಲಿ ಶ್ರದ್ಧೆ ಬಹಳ ಎಂದು ಶುರು ಮಾಡಿದರು. ದಿನಾ ಸ್ನಾನವಾದ ಕೂಡಲೇ ಅದಕ್ಕೆ ನೀರು ತುಂಬುತ್ತಾನೆ, ಒಂದು ದಿನ ತಪ್ಪಿಸಿದವನಲ್ಲ ಎಂದರು. ಒಂದೊಂದು ಮಾತೂ ಖರೆ. ಖರೆ ಮಾತುಗಳನ್ನೇ ಪೋಣಿಸಿ ಇಷ್ಟು ದೊಡ್ಡ ಸುಳ್ಳು ಕಟ್ಟಬಹುದೆಂದು ನನಗೆ ಅವತ್ತೇ ಗೊತ್ತಾದದ್ದು. ಶಾಸ್ತ್ರ ಓದಿದ ಮನೆತನದ ಉಪಯೋಗ ಅದು.

ಅವರನ್ನು ಪಡಸಾಲೆಯಲ್ಲಿ ಕೂಡಿಸಿ ನಾನು ಒಳಗೆ ಬಂದೆ. ನಮ್ಮ ಮನೆಯವರು ಹಿಂದೆಯೇ ಬಂದು ಬಾಗಿಲು ಅರ್ಧ ಮುಂದೆ ಮಾಡಿದರು.

"ಸುಮ್ಮನಿರು," ಅಂದರು. "ಆಕಿಗೆ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಪಾಪ ಇಲ್ಲ."

"ಆಕಿಗಿಲ್ಲ. ನಮಗ ಗೊತ್ತದ ಅಲ್ಲ."

"ಅವ್ವನ ಕಣ್ಣಿನ ವಿಚಾರ ಮಾಡು."

ಅದನ್ನು ಅವರು ಹೇಳಬಾರದಿತ್ತು. ವಿಚಾರ ಮಾಡಿದೆ. ದೇವರ ಗೂಡಿನ ಮುಂದೆ ನಿಂತು ಮಾಡಿದೆ. ಗಂಡಸರು ಪಗಾರದ ವಿಚಾರದಲ್ಲಿ ಸುಳ್ಳು ಹೇಳಲಿ, ಹೊಲದ ವಿಚಾರದಲ್ಲಿ ಹೇಳಲಿ, ಹೆಣ್ಣು ತರುವಾಗ ಎಲ್ಲರ ಮನೆಯಲ್ಲೂ ಅದು ನಡೆಯುತ್ತದೆ. ಆದರೆ ಆ ಮುದುಕಿ ನಾಳೆ ಪಾರಣೆಗೆ ಕೂತು, ಉಪವಾಸ ಮುಗಿಸಿದೆ ಸ್ವಾಮಿ, ತೀರ್ಥವೊಂದೇ ತಗೊಂಡೆ ಎಂದು ದೇವರಿಗೆ ಒಪ್ಪಿಸುತ್ತಾಳೆ. ಸಿಮೆಂಟಿಗೆ ಕುಡಿಸಲು ನಿಲ್ಲಿಸಿದ ನೀರನ್ನು ಒಪ್ಪಿಸುತ್ತಾಳೆ. ಆ ಸುಳ್ಳನ್ನು ಹೇಳುವ ಬಾಯಿ ಆಕೆಯದು, ಸುಳ್ಳು ನಮ್ಮ ಅಂಗಳದ್ದು. ಅದರ ಮೇಲೆ ತಂದ ಸೊಸೆಯ ಮುಖವನ್ನು ಅತ್ತಿಯವರು ಯಾವ ಕಣ್ಣಿಂದ ನೋಡಿ ಏನು ಬಂತು.

ಪಡಸಾಲೆಗೆ ಹೋಗಿ ಮುದುಕಮ್ಮನ ಎದುರಿಗೆ ಕೂತೆ.

"ಅಜ್ಜಿ, ನೀವು ತಗೊಂಡದ್ದು ತೀರ್ಥ ಅಲ್ರಿ. ಅದು ಪುಷ್ಕರಣಿನೂ ಅಲ್ಲ. ನಮ್ಮ ಮೈದುನ ಆಡ್ಲಿಕ್ಕೆ ಕಟ್ಟಿಕೊಂಡಾನ. ಸಿಮೆಂಟ ಸೀಳಬಾರದಂತ ನೀರು ನಿಲ್ಲಿಸ್ಯಾನ, ಬಾವಿ ನೀರು."

ಕರೀ ಕೋಟಿನವರು ಮೊದಲು ತಮ್ಮ ತಲೆಯನ್ನು ಒರೆಸಿಕೊಂಡರು. ಆಮೇಲೆ, ಆಡಲಿಕ್ಕೆ ಅಂದರೆ ಯಾರ ಮಕ್ಕಳು ಅಂತ ಕೇಳಿದರು. ಮಕ್ಕಳಲ್ಲ, ಅವನೇ ಅಂದೆ. ಅದೇ ಗಳಿಗೆಗೆ ಅವನು ಜರದ ಧೋತರ ಉಟ್ಟು ಅಟ್ಟದಿಂದ ಇಳಿದು ಬಂದ, ಕಿವಿಯವರೆಗೆ ಬಾಯಿ ತೆರೆದು ನಗುತ್ತ. ಅತ್ತಿಯವರು ಕೂತಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಮಂದಗಣ್ಣನ್ನು ನನ್ನ ಧ್ವನಿ ಬಂದ ಕಡೆ ತಿರುಗಿಸಿ ಇಟ್ಟುಕೊಂಡಿದ್ದರು.

ಆದದ್ದು ತಿಳಿದ ಮೇಲೆ ಅವನ ಮುಖದ ನಗೆ ಇಳಿಯಿತು. ಮುದುಕಮ್ಮನ ಕಾಲಿಗೆ ಬಿದ್ದ. ಹಾರೆ ತಂದು ಈಗಲೇ ಒಡೆದುಹಾಕುತ್ತೇನೆ ಅಂದ. ಹೊರಟೂಬಿಟ್ಟಿದ್ದ.

"ಕೂಡೋ ಇಲ್ಲೆ," ಅಂದರು ಮುದುಕಮ್ಮ. "ಸಿಮೆಂಟ ಏನು ತಪ್ಪು ಮಾಡೇದ? ಕುಡದಾಕಿ ನಾನು." ಆಮೇಲೆ ನಮ್ಮ ಮನೆಯವರ ಕಡೆ ತಿರುಗಿದರು. "ನೀನು ನಿಂತು ನೋಡಿದಿ. ಹಿರಿಯಾಂವ ನೀನು."

ನಮ್ಮ ಮನೆಯವರು ಜನಿವಾರ ಸರಿಮಾಡಿಕೊಂಡರು.

ಮುದುಕಮ್ಮ ಎದ್ದು, ಜಪದ ಚೀಲ ತೆಗೆದು, ಗೋಡೆಗೆ ಮುಖ ಮಾಡಿ ಕೂತರು. ತಪ್ಪಿದ್ದಕ್ಕೆ ಎಷ್ಟು ಜಪವೆಂದು ಯಾರನ್ನೂ ಕೇಳಲಿಲ್ಲ. ಅಷ್ಟರಲ್ಲಿ ಕರೀ ಕೋಟಿನವರು ಬಸ್ಸಿನ ಹೊತ್ತು ವಿಚಾರಿಸಿ, ಜಾತಕವನ್ನು ಇನ್ನೊಬ್ಬರಿಗೆ ತೋರಿಸಬೇಕಾಗಿದೆ ಅಂದರು. ಬೇಡ ಅನ್ನುವುದಕ್ಕೆ ನಮ್ಮ ಜನ ಇಟ್ಟುಕೊಂಡ ಹೆಸರು ಅದು. ಹಾನಗಲ್ಲಿನವರೂ ಅದನ್ನೇ ಅಂದಿದ್ದರು. ಅತ್ತಿಯವರು ಗೋಡೆಗೆ ಆತುಕೊಂಡರು.

ಜಪ ಮುಗಿಸಿ ಎದ್ದ ಮುದುಕಮ್ಮ ಸೀದಾ ಹಿತ್ತಲಿಗೆ ನಡೆದರು. ಹೇಗೆ ಆಡುತ್ತೀ ತೋರಿಸು ಅಂದರು ಇವನಿಗೆ. ಮೊದಲು ಇವನು ಒಲ್ಲೆನೆಂದ. ಆಮೇಲೆ ಜರದ ಧೋತರ ಎತ್ತಿ ಕಟ್ಟಿ, ಮಣ್ಣಿನ ಏರಿ ಒಡೆದು ನೀರು ಬಿಟ್ಟು, ಉಳಿದದ್ದನ್ನು ಬಟ್ಟೆಯಿಂದ ಬಳಿದು, ಸೊಂಟದಿಂದ ಆ ಹಲಗೆ ತೆಗೆದ. ಹೆಣ್ಣಿನ ಕಡೆಯವರ ಎದುರಿಗೆ ಬರುವಾಗಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಅನ್ನುವುದು ನನಗೆ ಆಗ ಗೊತ್ತಾಯಿತು. ಕುಕ್ಕುರುಗಾಲಲ್ಲಿ ಕೂತು ಎರಡು ಬೆರಳಿಂದ ಇಳಿಜಾರಿಗೆ ನೂಕಿದ. ಹಲಗೆ ಹೊಂಡಕ್ಕಿಳಿದು, ಆ ಕಡೆಯ ಅಂಚಿಗೆ ಏರಿ, ಕಂಬಿಯ ಮೇಲೆ ಸರ್ರನೆ ಜಾರಿ, ಮುಗ್ಗರಿಸಿ ಬಿತ್ತು. ಮತ್ತೆ ನೂಕಿದ, ಮತ್ತೆ ಬಿತ್ತು. ಮೂರನೆಯ ಸಲಕ್ಕೆ ನಾಲ್ಕು ಗುಂಡಿಯ ಮೇಲೆ ಇಳಿದು ನಿಂತಿತು. ಇವನು ಬಾಯಲ್ಲಿ ಟಕ್ಕೆಂದ. ಬುದ್ಧಿ ಬಂದಿದ್ದರೆ ತಾನೆ.

ಮುದುಕಮ್ಮ ನಗಲೂ ಇಲ್ಲ, ಮೆಚ್ಚಲೂ ಇಲ್ಲ. ಕುಡಿಯುತ್ತೀಯಾ, ಇಸ್ಪೀಟು ಆಡುತ್ತೀಯಾ, ಓಸಿ ಮಟಕಾ ಬರೆಸುತ್ತೀಯಾ ಎಂದು ಒಂದೊಂದಾಗಿ ಕೇಳಿದರು. ಇಲ್ಲ ಎಂದ. ನನ್ನ ಕಡೆ ನೋಡಿದರು. ಇಲ್ಲ, ಇದೊಂದೇ ಅಂದೆ. ಅವರು ಒಳಗೆ ಬಂದು ಅತ್ತಿಯವರ ಪಕ್ಕಕ್ಕೆ ಕೂತರು.

"ನೋಡ್ರಿ, ನಮ್ಮ ಕಡೆ ಬರೋ ವರಗೋಳು ತಮ್ಮ ಹುಚ್ಚು ಲಗ್ನ ಆದ ಮ್ಯಾಲ ತೋರಿಸ್ತಾರ. ನಿಮ್ಮವಂದು ಅಂಗಳದಾಗs ಅದ. ಮುಚ್ಚಿಡ್ಲಿಕ್ಕೆ ನಿಮ್ಮ ಸೊಸಿ ಬಿಡೂದಿಲ್ಲ. ನಮ್ಮ ಹುಡುಗಿ ಇಲ್ಲಿಗೆ ಬರ್ತಾಳ."

ಮಗ ಏನೋ ಹೇಳಲು ಬಾಯಿ ತೆರೆದರು, ಜಾತಕವೆಂದರು. ಮುದುಕಮ್ಮ ಅವರ ಕಡೆ ನೋಡಲೂ ಇಲ್ಲ. ಊರಲ್ಲಿ ಕೋಟು ಹಾಕಿ ಓಡಾಡುವ ಈ ಗಂಡಸರು ಮನೆಯಲ್ಲಿ ಎಷ್ಟರವರು ಅನ್ನುವುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ನಮ್ಮ ಮನೆಯವರು, ಇದೆಲ್ಲ ತಾವೇ ಯೋಜಿಸಿದಂತೆ, ದೈವಸಂಕಲ್ಪವೆಂದರು.

ಮುಂದಿನ ವೈಶಾಖದಲ್ಲಿ ಲಗ್ನವಾಯಿತು. ಅತ್ತಿಯವರು ಕಿರಿಸೊಸೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಮೂಗುತಿ ಎಡಕ್ಕಿದೆ, ಗದ್ದದ ಮೇಲೆ ಮಚ್ಚೆ ಇದೆ ಎಂದು ನನಗೆ ಹೇಳಿದರು. ನಾನು ಕುರುಡಿಯೇನೋ ಅನ್ನುವಂತೆ. ಅಷ್ಟು ಕಂಡಿತು. ಅಷ್ಟು ದಯೆ ಸಾಕು. ಆ ಹುಡುಗಿಯ ವಿಚಾರ ಹೇಳಬೇಕೆಂದರೆ, ಮೈ ಮೇಲಿನ ಅರಿಶಿಣ ಹೋಗುವುದರೊಳಗೆ ಒಂದು ಮಧ್ಯಾಹ್ನ ಆಕೆಯೂ ಆ ಸಿಮೆಂಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು, ಬೆರಳೆರಡು ಹಲಗೆಯ ಮೇಲೆ. ಒಂದು ಹುಚ್ಚು ಇದ್ದ ಮನೆಯಲ್ಲಿ ಎರಡಾದವು. ಬಚ್ಚಲ ಮೆಟ್ಟಿಲನ್ನು ಕೊನೆಗೆ ನಾನೇ ಗೌಂಡಿಯನ್ನು ಕರೆಸಿ ಮಾಡಿಸಿದೆ.

ಆ ಏಕಾದಶಿಯ ಸಂಜೆ ಹಿರೇಕೆರೂರವರನ್ನು ಬಸ್ಸಿಗೆ ಕಳಿಸಲು ಗಂಡಸರಿಬ್ಬರೂ ಹೋದರು. ಹೊರಡುವಾಗ ಮುದುಕಮ್ಮ ನನ್ನ ಕೈ ಹಿಡಿದರು. ಅವರ ಕೈ ಒಣಗಿದ ಎಲೆಯಂತಿತ್ತು, ಪಾರಣೆಗೆ ಇನ್ನೂ ಇಡೀ ರಾತ್ರಿ ಇತ್ತು. ಅತ್ತಿಯವರು ದೇವರ ಮುಂದೆ ಕೂತು ಒಬ್ಬರೇ ಏನೋ ಹೇಳಿಕೊಳ್ಳುತ್ತಿದ್ದರು. ಬೆಳಗಿನ ಅಡುಗೆಗೆ ಉಡುವ ಮಡಿ ಸೀರೆ ಇನ್ನೂ ಹಿಂಡಿದಂತೆಯೇ ಬಕೆಟ್ಟಿನಲ್ಲಿತ್ತು. ಈಗ ಹಾಕದಿದ್ದರೆ ಬೆಳಗಾಗುವುದರೊಳಗೆ ಒಣಗುವುದಿಲ್ಲ. ಸ್ನಾನ ಮಾಡಿ ಬಂದು, ಸೀರೆಯನ್ನು ಕೋಲಿನ ತುದಿಗೆ ಎತ್ತಿ, ಯಾರ ಕೈಯೂ ತಾಕದಷ್ಟು ಮೇಲಿನ ಗಳಕ್ಕೆ ಹಾಕಿ ಅಂಚು ಬಿಡಿಸಲು ನಿಂತೆ.